ಶುಭ ಶುಕ್ರವಾರಕ್ಕೊಂದು ರೊಟ್ಟಿ

ಸಾಗರದ ಬಸ್ ಸ್ಟ್ಯಾಂಡಿನ ಹತ್ತಿರ ಈಗೊಂದು ಬೇಕರಿ ಆಗಿದೆ. ಶಾಲೆ ಬಿಟ್ಟ ಮೇಲೆ ಒಮ್ಮೊಮ್ಮೆ ಅಲ್ಲಿಂದ ಬ್ರೆಡ್ ತರುತ್ತೇನೆ. ಮೊನ್ನೆಯೂ ತಂದೆ. ಒಲೆಯ ಮೇಲೆ ಚಹಾ ಕುದಿಯುತ್ತಿತ್ತು. ನನ್ನ ಜೊತೆ ಒಂದೇ ಕೋಣೆಯಲ್ಲಿರುವ ಸಾವಿತ್ರಿ ನನ್ನ ಕೈಯನ್ನೇ ನೋಡುತ್ತಿದ್ದಳು. ಅವಳು ನಮ್ಮ ಶಾಲೆಯಲ್ಲೇ ಗಣಿತ ಕಲಿಸುತ್ತಾಳೆ; ವರದಹಳ್ಳಿ ಕಡೆಯ ಹವ್ಯಕರ ಮನೆಯವಳು.

"ಎಂತ ಮಾರಾಯ್ತಿ ಅದು? ಬ್ರೆಡ್ಡಿಗೂ ಸಿಪ್ಪೆ ಸುಲೀತ್ರಾ ನಿಮ್ಮನೇಲಿ?"

ನಾನು ಬಗ್ಗಿ ನೋಡಿದೆ. ಹೌದು, ಬ್ರೆಡ್ಡಿನ ಕಂದು ಅಂಚನ್ನೆಲ್ಲ ಕೊಯ್ದು ಪಕ್ಕಕ್ಕಿಟ್ಟಿದ್ದೆ. ಉಳಿದ ಬಿಳಿಯ ಭಾಗವನ್ನು ಸಣ್ಣ ಸಣ್ಣ ಚೌಕ ಮಾಡಿ ತಟ್ಟೆಯಲ್ಲಿ ಸಾಲಾಗಿ ಜೋಡಿಸಿದ್ದೆ. ಕೈ ತನ್ನ ಪಾಡಿಗೆ ತಾನು ಕೆಲಸ ಮಾಡಿತ್ತು. ನನಗೆ ಗೊತ್ತೇ ಆಗಿರಲಿಲ್ಲ.

"ಅಭ್ಯಾಸ" ಅಂದೆ.

ಸಾವಿತ್ರಿ ಅಂಚುಗಳನ್ನೆಲ್ಲ ತನ್ನ ಕಡೆಗೆ ಎಳೆದುಕೊಂಡಳು. "ಇದೇ ರುಚಿ ಇದ್ದು" ಎಂದು ಮನೆಮಾತಿನಲ್ಲಿ ಹೇಳಿ ಚಹಾಕ್ಕೆ ಅದ್ದಿಕೊಂಡು ತಿಂದಳು.

ನಾನು ಕ್ರೈಸ್ತಳೆಂಬುದು ಅವಳಿಗೆ ಗೊತ್ತು. ಭಾನುವಾರ ಬೆಳಿಗ್ಗೆ ಸೀರೆ ಬದಲಾಯಿಸಿ ಎಲ್ಲಿಗೆ ಹೊರಡುತ್ತೇನೆಂಬುದೂ ಗೊತ್ತು. ಅದಕ್ಕಿಂತ ಹೆಚ್ಚಿಗೆ ಅವಳು ಕೇಳಿಲ್ಲ, ನಾನು ಹೇಳಿಲ್ಲ. ಚಹಾ ಕುಡಿಯುತ್ತಾ ದೇವರ ವಿಷಯ ಮಾತಾಡುವುದು ನನಗೆ ಬರುವುದಿಲ್ಲ. ಬರೆಯುವುದು ಸ್ವಲ್ಪ ಸುಲಭ. ಓದುವವರ ಮುಖ ಎದುರಿಗಿರುವುದಿಲ್ಲ. ಅವಳಿಗೆ ಹೇಳದೆ ಉಳಿಸಿಕೊಂಡದ್ದನ್ನು ನಿಮಗೆ ಹೇಳುತ್ತಿದ್ದೇನೆ.

ನಾವು ಹೊಸನಗರದಲ್ಲಿದ್ದೆವು. ಅಪ್ಪ ಅಲ್ಲಿನ ಆಸ್ಪತ್ರೆಯಲ್ಲಿ ಕಾಂಪೌಂಡರ್. ಊರಿನಲ್ಲಿ ನಮ್ಮವರ ಮನೆಗಳು ಬೆರಳೆಣಿಕೆಯಷ್ಟು. ನಮಗೆ ದೇವಾಲಯ, ಅಂದರೆ ಚರ್ಚು, ಇರಲಿಲ್ಲ. ಭಾನುವಾರದ ಆರಾಧನೆ ನಮ್ಮ ಮನೆಯ ಜಗಲಿಯಲ್ಲೇ. ಚಾಪೆ ಹಾಸಿ, ಅಪ್ಪನ ಮೇಜಿನ ಮೇಲೆ ಬಿಳಿ ಬಟ್ಟೆ ಹೊದಿಸಿದರೆ ಜಗಲಿ ದೇವಾಲಯವಾಗುತ್ತಿತ್ತು. ಬಟ್ಟೆ ತೆಗೆದರೆ ಮತ್ತೆ ಅಪ್ಪ ಪೇಪರು ಓದುವ ಜಗಲಿ. ಎದುರು ಮನೆಯ ಗೌಡರ ಹೆಂಡತಿ ನಮ್ಮ ಕೀರ್ತನೆಗಳನ್ನು ಕೇಳಿ ಕೇಳಿ ಎಷ್ಟು ಬಲ್ಲವರಾಗಿದ್ದರೆಂದರೆ, "ಇವತ್ತೆಂತ, ನಡುವೆ ಒಂದು ಹಾಡು ಬಿಟ್ರಲ್ಲ?" ಎಂದು ಬೇಲಿಯ ಆಚೆಯಿಂದ ಕೇಳುತ್ತಿದ್ದರು.

ಅಯ್ಯನವರು, ಅಂದರೆ ನಮ್ಮ ಸಭಾಪಾಲಕರು, ಶಿವಮೊಗ್ಗದಿಂದ ಬರಬೇಕು. ತೀರ್ಥಹಳ್ಳಿ, ಹೊಸನಗರ, ಸಾಗರ ಎಂದು ಚದುರಿಹೋಗಿದ್ದ ಮನೆಗಳಿಗೆಲ್ಲ ಅವರೊಬ್ಬರೇ. ಮಳೆಗಾಲದಲ್ಲಂತೂ ಅವರ ಮುಖ ಕಾಣುತ್ತಿರಲಿಲ್ಲ. ಅವರಿಲ್ಲದೆ ಕರ್ತನ ಭೋಜನವಿಲ್ಲ. ಯೇಸು ಸ್ವಾಮಿ ನಮಗೋಸ್ಕರ ಪ್ರಾಣ ಕೊಟ್ಟದ್ದನ್ನು ನೆನೆದು ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ಹಂಚಿಕೊಳ್ಳುವ ಸಂಸ್ಕಾರ ಅದು. ದೊಡ್ಡ ಊರಿನ ಸಭೆಗಳಿಗೆ ತಿಂಗಳಿಗೊಮ್ಮೆ ಸಿಗುವಂಥದ್ದು ನಮಗೆ ವರ್ಷಕ್ಕೆ ಎರಡು ಸಲ ಸಿಕ್ಕರೆ ಹೆಚ್ಚು.

ರಸಕ್ಕೆ ತೊಂದರೆಯಿರಲಿಲ್ಲ. ಒಣದ್ರಾಕ್ಷಿ ನೆನೆಸಿ, ಕುದಿಸಿ, ಹಿಂಡಿದರಾಯಿತು. ರೊಟ್ಟಿಯದೇ ಕಷ್ಟ. ನಮ್ಮಲ್ಲಿ ರೊಟ್ಟಿಯೆಂದರೆ ಅಕ್ಕಿ ರೊಟ್ಟಿ. ಹಾಗಾಗಿ ಅಯ್ಯನವರು ಬರುವಾಗ ಶಿವಮೊಗ್ಗದ ಬೇಕರಿಯಿಂದ ಬ್ರೆಡ್ಡನ್ನೂ ತರುತ್ತಿದ್ದರು. ಅಯ್ಯನವರೂ ಬ್ರೆಡ್ಡೂ ಒಂದೇ ಬಸ್ಸಿನಲ್ಲಿ ಬಂದು ಇಳಿಯುತ್ತಿದ್ದರು ಎಂದು ಅಪ್ಪ ತಮಾಷೆ ಮಾಡುತ್ತಿದ್ದರು. ದೊಡ್ಡಮ್ಮ ಅದರ ಅಂಚು ತೆಗೆದು, ಬಿಳಿಯ ಭಾಗವನ್ನು ಚೌಕ ಮಾಡಿ, ಒಗೆದು ಮಡಿಸಿಟ್ಟ ಬಟ್ಟೆಯಲ್ಲಿ ಮುಚ್ಚಿಡುತ್ತಿದ್ದಳು. ಅಂಚು ಮಕ್ಕಳ ಪಾಲು. ಭೋಜನ ದೊಡ್ಡವರಿಗೆ, ಅಂಚು ಚಿಕ್ಕವರಿಗೆ. ಸಂಸ್ಕಾರದ ಅತ್ಯುತ್ತಮ ಭಾಗವನ್ನು ದೇವರು ಮಕ್ಕಳಿಗೆಂದೇ ಮೀಸಲಿಟ್ಟಿದ್ದಾನೆ ಎಂದು ನಾನು ಬಹಳ ಕಾಲ ನಂಬಿದ್ದೆ. ಮುಂದೆ ದೃಢೀಕರಣವಾಗಿ ದೊಡ್ಡವರ ಸಾಲಿಗೆ ಸೇರಿದ ದಿನ ನನಗಾದ ಮೊದಲ ಅನಿಸಿಕೆ ಭಕ್ತಿಯದಲ್ಲ, ನಷ್ಟದ್ದು. ಇದನ್ನು ಅಯ್ಯನವರಿಗೆ ಹೇಳಲಿಲ್ಲ.

ದೊಡ್ಡಮ್ಮ ಅಮ್ಮನ ಅಕ್ಕ. ತೀರ್ಥಹಳ್ಳಿಯ ಆಸ್ಪತ್ರೆಯಲ್ಲಿ ನರ್ಸಾಗಿದ್ದು, ಕೆಲಸದಿಂದ ನಿವೃತ್ತಳಾದ ಮೇಲೆ ನಮ್ಮ ಮನೆಗೆ ಬಂದವಳು. ದೊಡ್ಡಪ್ಪ ಬಹಳ ಹಿಂದೆಯೇ ಹೋಗಿದ್ದರು. ಹಾಸಿಗೆಯ ಬಟ್ಟೆಯನ್ನು ಆಸ್ಪತ್ರೆಯ ಹಾಗೆ ನಾಲ್ಕೂ ಮೂಲೆ ಮಡಿಸಿ ಬಿಗಿಯುತ್ತಿದ್ದಳು. ಜ್ವರ ಬಂದವರನ್ನು ಗದರಿಸುತ್ತಿದ್ದಳು. ಮತ್ತೆ, ಯಾವುದೇ ವಿಷಯ ತೀರ್ಮಾನ ಮಾಡುವ ಮೊದಲು "ಕೇಳಿ ನೋಡ್ತೀನಿ" ಎನ್ನುತ್ತಿದ್ದಳು. ಯಾರನ್ನು ಎಂದು ನಮ್ಮ ಮನೆಯಲ್ಲಿ ಯಾರೂ ಕೇಳುತ್ತಿರಲಿಲ್ಲ. ಒಳಕೋಣೆಗೆ ಹೋಗಿ, ಬಾಗಿಲು ಮುಂದೆ ಮಾಡಿಕೊಂಡು, ಮಂಚದ ತುದಿಯಲ್ಲಿ ಕಣ್ಣು ಮುಚ್ಚಿ ಕೂರುತ್ತಿದ್ದಳು. ಹೊರಗೆ ಬಂದಾಗ ಉತ್ತರ ತಂದಿರುತ್ತಿದ್ದಳು.

ಇದನ್ನು ನಮ್ಮವರು ನಡೆಸುವಿಕೆ ಎನ್ನುತ್ತಾರೆ. ದೇವರು ಕೈಹಿಡಿದು ನಡೆಸುತ್ತಾನೆ ಎಂಬ ಅರ್ಥದಲ್ಲಿ. ಅದನ್ನು ಪಡೆಯುವ ಬಗೆ ಒಬ್ಬೊಬ್ಬರಿಗೆ ಒಂದೊಂದು. ಊರಿನ ಇನ್ನೊಂದು ಮನೆಯ ಯೋಹಾನಪ್ಪ, ಹಿಂದೆ ಫಾರೆಸ್ಟ್ ಗಾರ್ಡ್ ಆಗಿದ್ದ ಮುದುಕರು, ಕಣ್ಣು ಮುಚ್ಚಿ ವೇದಪುಸ್ತಕ, ಅಂದರೆ ಬೈಬಲ್, ತೆರೆದು ಬೆರಳಿಡುತ್ತಿದ್ದರು. ಒಮ್ಮೆ ಎಮ್ಮೆ ಮಾರಬೇಕೋ ಬೇಡವೋ ಎಂದು ಬೆರಳಿಟ್ಟರೆ ಇಂಥವನಿಗೆ ಇಂಥವನು ಹುಟ್ಟಿದನು ಎಂಬ ಉದ್ದದ ವಂಶಾವಳಿ ಬಂತಂತೆ. "ಇಷ್ಟು ತಲೆಮಾರು ಬಿಡದೆ ನಡ್ಕೊಂಡು ಬಂದಿದೆ ಅಂದ್ಮೇಲೆ ಎಮ್ಮೆನೂ ಮನೇಲೇ ಇರ್ಲಿ" ಎಂದು ಅವರು ನಿಶ್ಚಯಿಸಿದರು. ದೊಡ್ಡಮ್ಮನಿಗೆ ಇದು ಸೇರುತ್ತಿರಲಿಲ್ಲ. "ದೇವ್ರ ಹತ್ರ ಮಾತಾಡ್ಬೇಕು ಯೋಹಾನಪ್ಪ, ಕಣ್ಣಾಮುಚ್ಚಾಲೆ ಆಡೋದಲ್ಲ" ಎಂದು ಅವರಿಗೆ ನೇರವಾಗಿಯೇ ಹೇಳಿದ್ದಳು.

ಇಂಥ ದೊಡ್ಡಮ್ಮ ಕರ್ತನ ಭೋಜನಕ್ಕೆ ಎಲ್ಲವನ್ನೂ ಸಿದ್ಧ ಮಾಡಿ, ತಾನು ಮಾತ್ರ ತೆಗೆದುಕೊಳ್ಳುತ್ತಿರಲಿಲ್ಲ.

ಕಾರಣ ಮಾವ. ದೊಡ್ಡಮ್ಮನಿಗೆ ತಮ್ಮ, ಅಮ್ಮನಿಗೆ ಅಣ್ಣ. ಮದುವೆಯಾಗದ ಮೇಷ್ಟ್ರು. ಸಾಗರದಾಚೆ, ಬ್ಯಾಕೋಡಿನ ದಿಕ್ಕಿನಲ್ಲಿ, ಶರಾವತಿಯ ದಂಡೆಯ ಒಂದು ಹಳ್ಳಿಯ ಶಾಲೆಯಲ್ಲಿದ್ದ. ನಮ್ಮಜ್ಜಿ ಅವನ ಜೊತೆಗಿದ್ದಳು. ಒಂದು ಮಳೆಗಾಲ ಅಜ್ಜಿ ಅಲ್ಲೇ ತೀರಿಕೊಂಡಳು. ಹೊಳೆ ತುಂಬಿ ದೋಣಿ ನಿಂತಿತ್ತು. ಸುದ್ದಿ ನಮಗೆ ಮುಟ್ಟಿದ್ದೇ ತಡವಾಗಿ. ದೊಡ್ಡಮ್ಮ ತೀರ್ಥಹಳ್ಳಿಯಿಂದ, ಅಮ್ಮ ಹೊಸನಗರದಿಂದ, ಹೇಗೋ ಏನೋ ಮಾಡಿ ಹೋಗಿ ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು. ನಮ್ಮಲ್ಲಿ ಸಮಾಧಿಯೊಳಗೆ ಪೆಟ್ಟಿಗೆ ಇಳಿಸಿದ ಮೇಲೆ ಹತ್ತಿರದವರು ಒಬ್ಬೊಬ್ಬರಾಗಿ ಹಿಡಿ ಮಣ್ಣು ಹಾಕುತ್ತಾರೆ. ಹೆತ್ತವರಿಗೆ ಮಕ್ಕಳು ಮಾಡುವ ಕೊನೆಯ ಕೆಲಸ ಅದು. ಅಮ್ಮ ಅತ್ತು ಅತ್ತು ಮುಗಿಸಿದಳು. ದೊಡ್ಡಮ್ಮ ಅಳಲಿಲ್ಲ. "ಒಂದು ಹಿಡಿ ಮಣ್ಣಿಗೂ ಕಾಯ್ಲಿಲ್ಲ ಅವ್ನು" ಎಂದಳು. ಆಮೇಲೆ ಅವನೊಂದಿಗೆ ಮಾತು ಬಿಟ್ಟಳು.

ಅಷ್ಟರಲ್ಲಿ ಅಣೆಕಟ್ಟು ಬಂತು. ಹಳ್ಳಿ ಖಾಲಿಯಾಯಿತು, ಶಾಲೆ ಮುಚ್ಚಿತು, ನೀರು ಏರಿತು. ಅಜ್ಜಿಯ ಸಮಾಧಿಯೂ ನೀರಿನ ಕೆಳಗೆ ಹೋಯಿತು. ಈಗ ತುಮರಿ ಕಡೆಗೆ ಹೋಗುವವರು ಹಿನ್ನೀರು ದಾಟುವಾಗ ಎಲ್ಲೋ ಅದರ ಮೇಲೆಯೇ ದಾಟುತ್ತಿರಬಹುದು. ಮಾವನಿಗೆ ವರ್ಗವಾದದ್ದು, ನೋಡಿ, ಹೊಸನಗರಕ್ಕೆ. ಒಂದೇ ಊರಿನಲ್ಲಿ ಅಕ್ಕ ಈ ತುದಿ, ತಮ್ಮ ಆ ತುದಿ. ದೊಡ್ಡಮ್ಮ ಪೇಟೆಗೆ ಹೋಗುವಾಗ ಅವನ ಮನೆಯ ಬೀದಿ ತಪ್ಪಿಸಿ ಸುತ್ತು ಹಾಕಿಕೊಂಡು ಹೋಗುತ್ತಿದ್ದಳು. ಭಾನುವಾರ ಒಂದೇ ಜಗಲಿಯಲ್ಲಿ ಕೂತು ಒಂದೇ ಕೀರ್ತನೆ ಹಾಡುತ್ತಿದ್ದರು. ರಾಗ ಕೂಡುತ್ತಿತ್ತು, ಕಣ್ಣು ಕೂಡುತ್ತಿರಲಿಲ್ಲ.

ಭೋಜನದ ಹಿಂದಿನ ಸಂಜೆ ಅಯ್ಯನವರು ಸಿದ್ಧತೆಯ ಕೂಟ ನಡೆಸುತ್ತಿದ್ದರು. ಯಾರ ಮೇಲಾದರೂ ಮನಸ್ಸಿನಲ್ಲಿ ಕಹಿ ಇಟ್ಟುಕೊಂಡು ಕರ್ತನ ಮೇಜಿಗೆ ಬರಬಾರದು. ಇದ್ದರೆ ಹೋಗಿ ಸರಿಮಾಡಿಕೊಂಡು ಬರಬೇಕು. "ಯಾರಿಗೂ ಯಾರ ಮೇಲೂ ಮನಸ್ತಾಪ ಇಲ್ಲವಷ್ಟೆ?" ಎಂದು ಅವರು ಕೇಳುವುದು ವಾಡಿಕೆ. ಎಲ್ಲರೂ ಸುಮ್ಮನಿರುವುದೂ ವಾಡಿಕೆ. ದೊಡ್ಡಮ್ಮ ಮಾತ್ರ, "ಇದೆ ಅಯ್ಯನೋರೆ" ಎನ್ನುತ್ತಿದ್ದಳು. ಬಿ.ಪಿ. ಎಷ್ಟಿದೆ ಎಂದು ಹೇಳುವ ದನಿಯಲ್ಲಿ. ಮರುದಿನ ತಟ್ಟೆ ಬಂದಾಗ ತಾನು ತೆಗೆದುಕೊಳ್ಳದೆ ಪಕ್ಕದವರಿಗೆ ದಾಟಿಸುತ್ತಿದ್ದಳು. ಅದು ಗಂಡಸರ ಸಾಲಿಗೆ ಹೋದಾಗ ಮಾವನೂ ಹಾಗೆಯೇ ದಾಟಿಸುತ್ತಿದ್ದ. ಅಮ್ಮ ಒಮ್ಮೆ ಕೇಳಿದ್ದಕ್ಕೆ, "ಅಕ್ಕ ತಗೊಳ್ದೆ ನಾನೆಂಗೆ ತಗೊಳ್ಲಿ?" ಅಂದನಂತೆ. ಹೀಗೆ ಇಬ್ಬರೂ ಒಬ್ಬರಿಗಾಗಿ ಒಬ್ಬರು ಉಪವಾಸವಿದ್ದರು. ಅಮ್ಮನಿಗೆ ಇದು ದೊಡ್ಡ ಸಂಕಟ. ದೊಡ್ಡಮ್ಮನಿಗೆ ವಯಸ್ಸಾಗುತ್ತಿತ್ತು, ಎದೆನೋವು ಬೇರೆ ಶುರುವಾಗಿತ್ತು. "ಹೀಗೇ ಹೋಗಿಬಿಟ್ರೆ ಎಂತ ಮಾಡೋದು?" ಎಂದು ಅಪ್ಪನ ಹತ್ತಿರ ಮೆಲ್ಲಗೆ ಹೇಳುತ್ತಿದ್ದುದು ನನ್ನ ಕಿವಿಗೆ ಬಿದ್ದಿದೆ.

ನೆನಪಿಗೆ ಒಂದು ಜಾಗ ಬೇಕು ಎಂದು ನಾವೆಲ್ಲ ಅಂದುಕೊಳ್ಳುತ್ತೇವೆ. ಒಂದು ಕಲ್ಲು, ಒಂದು ಹೆಸರು, ಹೂವಿಡಲು ಒಂದು ಮಗ್ಗುಲು. ದೊಡ್ಡಮ್ಮನಿಗೆ ಆ ಜಾಗವೂ ನೀರು ಪಾಲಾಯಿತು. ನಾನು ಮೈಸೂರಿನಲ್ಲಿ ಬಿ.ಎ.ಗೆ ತತ್ವಶಾಸ್ತ್ರ ಓದುತ್ತಿದ್ದಾಗ ಹಾಸ್ಟೆಲಿನ ಕಿಟಕಿಯಲ್ಲಿ ಕೂತು ಈ ಬಗ್ಗೆ ಯೋಚಿಸಿದ್ದುಂಟು. ನಮ್ಮ ಕರ್ತನು ತನ್ನನ್ನು ನೆನೆಯಲು ಒಂದು ಜಾಗವನ್ನು ಗುರುತು ಹಾಕಿ ಹೋಗಲಿಲ್ಲ. ಅವನನ್ನು ಇಟ್ಟ ಸಮಾಧಿಯೂ ಬರಿದಾಯಿತು. ಸಾಯುವ ಹಿಂದಿನ ರಾತ್ರಿ, ಊಟಕ್ಕೆ ಕೂತಲ್ಲಿ, ಎದುರಿಗಿದ್ದುದನ್ನೇ ಕೈಗೆತ್ತಿಕೊಂಡು, ನನ್ನ ನೆನಪಿಗೆ ಇದಿರಲಿ ಎಂದ. ಎಷ್ಟು ದೂರ ಹೋದವರಿಗೂ ಸಿಗಲಿ ಎಂದಿರಬೇಕು. ರೊಟ್ಟಿ ಎಲ್ಲಿ ಬೇಕಾದರೂ ಸಿಗುತ್ತದಲ್ಲ! ಇದನ್ನು ರಜೆಯಲ್ಲಿ ಬಂದು ಅಪ್ಪನಿಗೆ ಹೇಳಿದೆ. ಅವರು ಪೇಪರಿನಿಂದ ತಲೆಯೆತ್ತದೆ, "ಹೊಸನಗರದಲ್ಲಿ ಬಿಟ್ಟು" ಅಂದರು.

ಅಪ್ಪನ ಮಾತು ನಿಜವಾದದ್ದು ಅದೇ ರಜೆಯಲ್ಲಿ. ಆ ವರ್ಷ ಅಯ್ಯನವರು ಈಸ್ಟರ್ ಹಬ್ಬವನ್ನು ಸಾಗರದವರಿಗೆ ಕೊಟ್ಟು, ಶುಭ ಶುಕ್ರವಾರವನ್ನು, ಅಂದರೆ ಯೇಸು ಸ್ವಾಮಿ ಶಿಲುಬೆಯ ಮೇಲೆ ಪ್ರಾಣ ಬಿಟ್ಟ ದಿನವನ್ನು, ನಮಗೆ ಕೊಟ್ಟಿದ್ದರು. ಗುರುವಾರ ಮಧ್ಯಾಹ್ನದ ಬಸ್ಸಿನಲ್ಲಿ ಇಳಿದರು. ಭಾರಿ ನೆಗಡಿ, ಕಣ್ಣು ಮೂಗು ಎಲ್ಲ ಕೆಂಪು. ಕೈಯಲ್ಲಿದ್ದ ಪೊಟ್ಟಣವನ್ನು ದೊಡ್ಡಮ್ಮನಿಗೆ ಕೊಟ್ಟರು. ದೊಡ್ಡಮ್ಮ ಬಿಚ್ಚಿದಳು, ಮೂಸಿದಳು, ಅಪ್ಪನ ಮೂಗಿಗೆ ಹಿಡಿದಳು.

"ಸೀಮೆಎಣ್ಣೆ" ಅಂದರು ಅಪ್ಪ.

ಬಸ್ಸಿನಲ್ಲಿ ಯಾರದೋ ಡಬ್ಬದ ಪಕ್ಕದಲ್ಲಿ ಪೊಟ್ಟಣ ಇಟ್ಟಿದ್ದರಂತೆ. ಡಬ್ಬ ಸೋರಿದ್ದು ಅವರಿಗೆ ಕಂಡಿಲ್ಲ. ವಾಸನೆ ಬರುವ ಸ್ಥಿತಿಯಲ್ಲಿ ಅವರ ಮೂಗು ಇರಲಿಲ್ಲ. ಬಹಳ ಬೇಸರಪಟ್ಟುಕೊಂಡರು. "ಅಕ್ಕಿ ರೊಟ್ಟಿಯಾದರೂ ನಡೆಯುತ್ತಮ್ಮಾ. ದೇವರು ಮನಸ್ಸು ನೋಡುತ್ತಾನೆ, ಹಿಟ್ಟನ್ನಲ್ಲ" ಎಂದರು.

"ಅಯ್ಯನೋರೆ, ನಿಮಗೆ ನೆಗಡಿ ಆಗಿದೆ. ನೀವು ಕಷಾಯ ಕುಡ್ದು ಮಲಗಿ" ಎಂದಳು ದೊಡ್ಡಮ್ಮ. "ಗೋಧೀದೇ ಆಗ್ಬೇಕು. ಕರ್ತನ ಮೇಜಿಗೆ ಸಿಕ್ಕಿದ್ದು ಇಡಕ್ಕೆ ಆಗಲ್ಲ."

ಅಯ್ಯನವರ ಆ ಒಂದು ಮಾತಿಗೆ ಹೂಂ ಅಂದಿದ್ದರೆ ಅವಳು ಪಾರಾಗುತ್ತಿದ್ದಳು. ಅವಳ ಶಿಸ್ತು ಬಿಡಲಿಲ್ಲ.

ಆ ವರ್ಷಗಳಲ್ಲಿ ರೇಷನ್ನಿನಲ್ಲಿ ಅಕ್ಕಿ ಕಡಿಮೆ ಮಾಡಿ ಗೋಧಿ ಕೊಡುತ್ತಿದ್ದರು. ಅನ್ನ ಉಣ್ಣುವ ನಮ್ಮ ಸೀಮೆಯವರಿಗೆ ಅದನ್ನು ಏನು ಮಾಡಬೇಕೆಂದು ತಿಳಿಯದು. ಕೆಲವರು ಗಂಜಿ ಕಾಯಿಸಿ ನೋಡಿ ಮುಖ ಕಿವಿಚಿದರು. ಗೌಡರ ಮನೆಯಲ್ಲಿ ಕರುವಿಗೆ ಹಾಕಿದರು. ನಾವು ನಮ್ಮ ಪಾಲನ್ನು ಯಾರಿಗೋ ಕೊಟ್ಟು ಅಕ್ಕಿ ತಂದುಕೊಳ್ಳುತ್ತಿದ್ದೆವು. ಇಡೀ ಹೊಸನಗರದಲ್ಲಿ ಗೋಧಿಯನ್ನು ಖುಷಿಯಿಂದ ತಂದು, ಗಿರಣಿಯಲ್ಲಿ ಬೀಸಿಸಿ, ಚಪಾತಿ ಮಾಡಿಕೊಂಡು ತಿನ್ನುವ ಮನುಷ್ಯ ಒಬ್ಬನೇ. ಟ್ರೈನಿಂಗಿಗೆಂದು ಧಾರವಾಡದಲ್ಲಿದ್ದಾಗ ಅವನಿಗೆ ಆ ರುಚಿ ಹತ್ತಿತ್ತು.

ಅಮ್ಮ ಸೊಪ್ಪು ಬಿಡಿಸುತ್ತಾ ಹೇಳಿದಳು: "ಅಣ್ಣನ ಮನೇಲಿ ಹಿಟ್ಟು ಇರ್ತದೆ."

ದೊಡ್ಡಮ್ಮ, "ಕೇಳಿ ನೋಡ್ತೀನಿ" ಎಂದು ಒಳಗೆ ಹೋದಳು.

ಹೊರಗೆ ಬಂದವಳು, "ಶೆಟ್ರ ಅಂಗಡೀಲಿ ಮೈದಾ ಇದ್ರೂ ಇರಬಹುದು" ಎಂದಳು. ನಾನು ಹೋಗಿ ಬಂದೆ. ಇರಲಿಲ್ಲ. ಮತ್ತೆ ಒಳಗೆ ಹೋದಳು. ಈ ಸಲ ಬಂದಾಗ, "ಭಟ್ರ ಹೋಟ್ಲಲ್ಲಿ ಕೇಳು" ಎಂದಳು. ಭಟ್ಟರು, "ಮೈದಾ ಎಲ್ಲಿಂದ ತರ್ಲಿ ತಂಗಿ? ಅವಲಕ್ಕಿ ಬೇಕಾರೆ ಕೊಡ್ತೆ" ಎಂದರು. ಬಿಸಿಲಿನಲ್ಲಿ ವಾಪಸು ಬಂದೆ. ದೊಡ್ಡಮ್ಮ ಮೂರನೆಯ ಬಾರಿ ಒಳಗೆ ಹೊರಟಿದ್ದಳು. ನನಗೆ ತಡೆಯಲಾಗಲಿಲ್ಲ. ತತ್ವಶಾಸ್ತ್ರದ ವಿದ್ಯಾರ್ಥಿನಿ ತಾನೇ! ನಿಜವಾದ ಪ್ರಾರ್ಥನೆಗೂ ನಮ್ಮ ಆಸೆಯನ್ನೇ ದೇವರ ಬಾಯಲ್ಲಿ ಹೇಳಿಸುವುದಕ್ಕೂ ವ್ಯತ್ಯಾಸವಿದೆ ಎಂದು ವಿವರಿಸಲು ಶುರು ಮಾಡಿದೆ. ಒಳ್ಳೆಯ ಎರಡು ವಾಕ್ಯ ಆಗಿತ್ತು.

"ಅವ್ಳು ಒಳಗೆ ಹೋಗೋದು ಉತ್ರ ಗೊತ್ತಿಲ್ದೆ ಅಲ್ಲ ಕಣೇ" ಎಂದಳು ಅಮ್ಮ, ಸೊಪ್ಪಿನಿಂದ ತಲೆಯೆತ್ತದೆ. "ಉತ್ರ ಬದ್ಲಾಗಿದ್ಯಾ ಅಂತ ನೋಡಕ್ಕೆ."

ದೊಡ್ಡಮ್ಮ ಬಾಗಿಲಲ್ಲಿ ನಿಂತಳು. ನನಗೆ ಭಯವಾಯಿತು. ಅವಳು ಅಮ್ಮನನ್ನು ಗದರಿಸಲಿಲ್ಲ. ನನಗೆ ಹೇಳಿದಳು: "ನೀನು ಹೋಗಿ ಇಸ್ಕೊಂಡು ಬಾ."

"ಅವ್ಳನ್ನ ಕಳಿಸ್ಬೇಡ ಅಕ್ಕ" ಎಂದಳು ಅಮ್ಮ. ಅಮ್ಮ ದನಿ ಏರಿಸಿದ್ದನ್ನು ನಾನು ಕೇಳಿದ್ದು ಅಪರೂಪ. "ಹೋಗೋದಿದ್ರೆ ನೀನೇ ಹೋಗು. ಇಲ್ದಿದ್ರೆ ಅಕ್ಕಿ ರೊಟ್ಟಿನೇ ಆಗ್ಲಿ ಬಿಡು."

ದೊಡ್ಡಮ್ಮ ಸೀರೆಯ ಸೆರಗು ಸರಿಮಾಡಿಕೊಂಡಳು. ಪಾತ್ರೆ ಹಿಡಿದುಕೊಳ್ಳಲೆಂದು ನನ್ನನ್ನು ಕರೆದುಕೊಂಡಳು. ದಾರಿಯಲ್ಲಿ ಎರಡು ಕಡೆ ನಿಂತು ಎದೆ ನೀವಿಕೊಂಡಳು. ಬಿಸಿಲಿಗೋ ಇನ್ನೇತಕ್ಕೋ ಎಂದು ನಾನು ಕೇಳಲಿಲ್ಲ. ಕೇಳುವ ಸ್ವಭಾವ ನನ್ನದಲ್ಲ. ಅದು ಅವಳದೂ ಅಲ್ಲ. ಬಹುಶಃ ನನಗೆ ಅವಳಿಂದಲೇ ಬಂದಿರಬೇಕು.

ಮಾವ ಹೊರಗೆ ಕಲ್ಲಿನ ಮೇಲೆ ಕೂತು ಪಂಚೆಗೆ ನೀಲಿ ಹಾಕುತ್ತಿದ್ದ. ನಮ್ಮನ್ನು ನೋಡಿ ಎದ್ದು ನಿಂತ. ಕೈಯಿಂದ ನೀಲಿ ನೀರು ತೊಟ್ಟಿಕ್ಕುತ್ತಿತ್ತು.

ದೊಡ್ಡಮ್ಮ ನನ್ನ ಕಡೆ ತಿರುಗಿದಳು. "ಗೋಧಿ ಹಿಟ್ಟು ಇದ್ಯಾ ಕೇಳು."

ನಾನು ಮಾವನ ಕಡೆ ತಿರುಗುವ ಮೊದಲೇ ಅವನು ನನಗೆ ಹೇಳಿದ: "ಇದೆ ಅಂತ ಹೇಳು."

"ಒಂದು ಪಾವು ಸಾಕು ಅಂತ ಹೇಳು."

"ಜರಡಿ ಹಿಡ್ದು ಕೊಡ್ತೀನಿ, ಹೊಟ್ಟು ಜಾಸ್ತಿ ಇದೆ ಅಂತ ಹೇಳು."

ನಾನು ಇಬ್ಬರ ನಡುವೆ ಪಾತ್ರೆ ಹಿಡಿದುಕೊಂಡು, ಏನನ್ನೂ ಹೇಳದೆ, ಬಹಳ ಉಪಯುಕ್ತವಾಗಿ ನಿಂತಿದ್ದೆ.

ಮಾವ ಒಳಗಿನಿಂದ ಡಬ್ಬವನ್ನೂ ಜರಡಿಯನ್ನೂ ತಂದ. ಜಗಲಿಯಲ್ಲಿ ಕುಕ್ಕರುಗಾಲಿನಲ್ಲಿ ಕೂತು ಹಿಡಿಯತೊಡಗಿದ. ದೊಡ್ಡಮ್ಮ ಮೆಟ್ಟಿಲ ಮೇಲೆಯೇ ನಿಂತಿದ್ದಳು. ಅವಳು ಬಹಳ ಹೊತ್ತು ಅವನ ಕೈಯನ್ನೇ ನೋಡಿದಳು.

"ಅದು ಅವ್ವನ ಜರಡಿ ಅಲ್ವಾ?"

ಇದು ನನ್ನ ಮೂಲಕ ಹೋಗಲಿಲ್ಲ. ಮಾವ ಕೈ ನಿಲ್ಲಿಸಿದ.

"ಹ್ಞೂಂ. ಅವ್ವಂದೇ. ನೀರು ಬರೋ ಮುಂಚೆ ಸಾಮಾನೆಲ್ಲ ಗಾಡಿಗೆ ಹಾಕ್ದಾಗ ಇದೂ ಬಂತು."

"ಅವ್ವನ ಸಾಮಾನು ತರಕ್ಕೆ ಪುರುಸೊತ್ತಿತ್ತು ನಿಂಗೆ. ನಮಗೆ ಕಾಯಕ್ಕೆ ಇರ್ಲಿಲ್ಲ."

"ಅಕ್ಕ, ಮೂರು ದಿನ ಮಳೆ ಬಿಟ್ಟಿರ್ಲಿಲ್ಲ. ತೋಡಿರೋ ಗುಂಡಿ ತುಂಬಾ ನೀರು. ಎತ್ತಿ ಹಾಕ್ದಷ್ಟೂ ಬರ್ತಿತ್ತು. ಇನ್ನೆಷ್ಟು ಹೊತ್ತು ಇಟ್ಕೊಳ್ಲಿ ಅವ್ವನ್ನ? ನೀನು ನರ್ಸು, ನಿಂಗೆ ಗೊತ್ತಿಲ್ವಾ?"

ಮಾವ ಜರಡಿಯನ್ನೇ ನೋಡುತ್ತಾ ಹೇಳಿದ: "ನನ್ನ ಹಿಡಿ ಮಣ್ಣು ಹಾಕ್ದೆ. ಆಮೇಲೆ ನಿಂದು ಹಾಕ್ದೆ. ಇದು ಅಕ್ಕಂದು ಅಂತ ಹೇಳಿನೇ ಹಾಕ್ದೆ. ಆಮೇಲೆ ತಂಗೀದು. ಊರೋರೆಲ್ಲ ನೋಡ್ತಿದ್ರು, ಮೇಷ್ಟ್ರಿಗೆ ತಲೆ ಕೆಟ್ಟಿದೆ ಅಂದ್ಕೊಂಡಿರ್ಬೇಕು."

"ಇಷ್ಟು ದಿನ ಯಾಕೆ ಹೇಳ್ಲಿಲ್ಲ ಇದನ್ನ?"

"ನೀನು ಎಲ್ಲಿ ಕೇಳ್ದೆ?"

"ನಾನು ಕೇಳ್ಬೇಕಾ? ಬಾಯಿರ್ಲಿಲ್ವಾ ನಿಂಗೆ?"

"ನೀನು ಬೀದಿ ಬಿಟ್ಟು ಬೀದಿ ಹೋಗ್ತಿದ್ರೆ ಯಾರ ಹತ್ರ ಹೇಳ್ಲಿ? ಕರೆಂಟ್ ಕಂಬದ ಹತ್ರನಾ?"

ಎಂಟೋ ಹತ್ತೋ ವರ್ಷದ ಮಕ್ಕಳ ಜಗಳದ ದನಿ ಅದು. ನನಗೆ ನಗಬೇಕೋ ಅಳಬೇಕೋ ತಿಳಿಯದೆ ಪಾತ್ರೆ ಮುಂದೆ ಚಾಚಿದೆ. ಮಾವ ಹಿಟ್ಟು ಸುರಿದ. ದೊಡ್ಡಮ್ಮ ತಿರುಗಿ ನಡೆದಳು.

ಅಂದಿನ ಸಂಜೆ ಕೂಟದಲ್ಲಿ ಅಯ್ಯನವರು ಕಷಾಯ ಕುಡಿದು ಸ್ವಲ್ಪ ಚೇತರಿಸಿಕೊಂಡಿದ್ದರು. ವಾಡಿಕೆಯಂತೆ ಕೇಳಿದರು. ಎಲ್ಲರ ಕಿವಿಯೂ ದೊಡ್ಡಮ್ಮನ ಕಡೆ. ಅವಳು ತಲೆ ತಗ್ಗಿಸಿಕೊಂಡೇ ಇದ್ದಳು.

"ಏನಮ್ಮಾ?" ಎಂದರು ಅಯ್ಯನವರು, ಇಷ್ಟು ವರ್ಷದ ಉತ್ತರಕ್ಕೆ ಕಾಯುತ್ತಾ.

"ಗೊತ್ತಿಲ್ಲ ಅಯ್ಯನೋರೆ."

ಅವರು ಮೂಗು ಒರೆಸಿಕೊಂಡರು. "ಒಳ್ಳೆಯದಾಯಿತು. ಹೋದ ಸಲ ಗೊತ್ತಿತ್ತು."

ದೊಡ್ಡಮ್ಮ ಶುಕ್ರವಾರ ಬೆಳಿಗ್ಗೆ ಬೇಗ ಎದ್ದು ರೊಟ್ಟಿ ಮಾಡಿದಳು. ಬೇಕರಿಯ ಹಾಗೆ ಉಬ್ಬಿಸುವ ಪುಡಿಯಿರಲಿಲ್ಲ. ದಪ್ಪಗೆ ತಟ್ಟಿ, ಕಾವಲಿಯ ಮೇಲಿಟ್ಟು, ಮೇಲೊಂದು ತಟ್ಟೆ ಮುಚ್ಚಿ, ಅದರ ಮೇಲೆ ಕೆಂಡ ಹಾಕಿದಳು. ಯೇಸು ಸ್ವಾಮಿ ಮುರಿದದ್ದು ಇಂಥದ್ದನ್ನೇ ಇರಬೇಕು ಎಂದು ಅಪ್ಪ ಸಮಾಧಾನ ಹೇಳಿದರು. ಮುರಿಯುವುದಕ್ಕೆ ಅಯ್ಯನವರಿಗೆ ಸ್ವಲ್ಪ ಶಕ್ತಿಯೇ ಬೇಕಾಯಿತು.

ಶುಭ ಶುಕ್ರವಾರದ ಆರಾಧನೆಯಲ್ಲಿ ನಾವು ಹೆಚ್ಚು ಹಾಡುವುದಿಲ್ಲ. ಹಿಡಿದುಕೊಟ್ಟದ್ದು, ಹೊಡೆದದ್ದು, ಬಾಯಾರಿದ್ದು, ಕೊಲ್ಲುತ್ತಿದ್ದವರಿಗಾಗಿಯೇ ಬೇಡಿಕೊಂಡದ್ದು: ಯೇಸು ಸ್ವಾಮಿಯ ಕೊನೆಯ ದಿನವನ್ನು ವೇದಪುಸ್ತಕದಿಂದ ಓದುತ್ತೇವೆ. ಓದುವಾಗ ಎಲ್ಲವೂ ಮೊದಲೇ ಗೊತ್ತಿರುವಂಥದ್ದೇ. ಗೊತ್ತಿರುವುದೇ ಕೆಲವೊಮ್ಮೆ ಕಷ್ಟ. ಕಿವಿ ಅದರ ಮೇಲಿನಿಂದ ಜಾರಿಹೋಗುತ್ತದೆ. ನಾನು ಅಂದು ಕೇಳಿಸಿಕೊಳ್ಳುತ್ತಿದ್ದೆನೋ, ದೊಡ್ಡಮ್ಮನ ಬೆನ್ನನ್ನು ನೋಡುತ್ತಿದ್ದೆನೋ ಹೇಳಲಾರೆ. ಹೆಂಗಸರು ಗೋಡೆಯ ಕಡೆ, ಗಂಡಸರು ಅಂಗಳದ ಕಡೆ. ನಡುವೆ ಒಬ್ಬರು ನಡೆಯುವಷ್ಟು ಜಾಗ.

ಜಗಲಿ ಇಕ್ಕಟ್ಟಾದ್ದರಿಂದ ನಮ್ಮಲ್ಲಿ ತಟ್ಟೆ ಕೈಯಿಂದ ಕೈಗೆ ಹೋಗುತ್ತದೆ. ಅಮ್ಮ ತೆಗೆದುಕೊಂಡು ದೊಡ್ಡಮ್ಮನಿಗೆ ಕೊಟ್ಟಳು. ದೊಡ್ಡಮ್ಮ ಹಿಡಿದುಕೊಂಡಳು. ಪಕ್ಕದಲ್ಲಿದ್ದ ನಾನು ಅಭ್ಯಾಸಬಲದಿಂದ ಕೈ ಚಾಚಿದೆ. ಅವಳು ಕೊಡಲಿಲ್ಲ. ತೆಗೆದುಕೊಳ್ಳಲೂ ಇಲ್ಲ. ಕೂತೇ ಇದ್ದಳು. ಎದುರು ಮನೆಯಲ್ಲಿ ಗೌಡರ ಹೆಂಡತಿ ಸೊಸೆಯನ್ನು ಕರೆದದ್ದು ಕೇಳಿಸಿತು.

ಆಮೇಲೆ ಅವಳು ಒಂದು ಕೈ ನೆಲಕ್ಕೂರಿ ಎದ್ದಳು. ತಟ್ಟೆ ಹಿಡಿದುಕೊಂಡು ಆ ನಡುವಿನ ಜಾಗದಲ್ಲಿ ನಡೆದು, ಗಂಡಸರ ಸಾಲಿನ ತುದಿಗೆ ಹೋಗಿ, ಮಾವನ ಮುಂದೆ ನಿಂತಳು.

"ತಗೋ."

ಮಾವ ತಲೆಯೆತ್ತಿ ನೋಡಿದ. "ನೀನು ಮೊದ್ಲು ತಗೋ."

"ದೊಡ್ಡೋಳು ಹೇಳ್ತಿದೀನಿ. ತಗೋ."

"ಅಕ್ಕ, ಎಲ್ಲ ನೋಡ್ತಿದಾರೆ."

"ನೋಡ್ಲಿ. ಅವತ್ತೂ ನೋಡ್ತಿದ್ರಂತಲ್ಲ."

ಯೋಹಾನಪ್ಪ ಕೆಮ್ಮಿದರು. ಅಯ್ಯನವರು ಕಣ್ಣು ಮುಚ್ಚಿಕೊಂಡಿದ್ದರು; ಪ್ರಾರ್ಥನೆಗೋ, ನೋಡದ ಹಾಗೆ ಇರಲಿಕ್ಕೋ. ಮಾವ ಒಂದು ತುಂಡು ತೆಗೆದುಕೊಂಡ. ದೊಡ್ಡಮ್ಮ ಒಂದು ತೆಗೆದುಕೊಂಡಳು. ಉಳಿದವರೆಲ್ಲ, ತಟ್ಟೆ ಎಲ್ಲಿ ಹೋಗಬೇಕೋ ತಿಳಿಯದೆ, ತಾವೇ ಎದ್ದು ಅವಳು ನಿಂತಲ್ಲಿಗೆ ಬಂದು ತೆಗೆದುಕೊಂಡು ಹೋದರು. ನಾನೂ ಹೋದೆ.

ರೊಟ್ಟಿ ಗಟ್ಟಿಯಾಗಿತ್ತು. ಶಿವಮೊಗ್ಗದ ಬ್ರೆಡ್ಡಾದರೆ ನಾಲಗೆಯ ಮೇಲಿಟ್ಟೊಡನೆ ಕರಗುತ್ತಿತ್ತು. ಏನನ್ನು ನೆನೆಯಬೇಕೋ ಅದು ಮನಸ್ಸಿಗೆ ಬರುವ ಮೊದಲೇ ಮುಗಿದುಹೋಗಿರುತ್ತಿತ್ತು. ಇದನ್ನು ಅಗಿಯಬೇಕಿತ್ತು. ಅವಸರ ಮಾಡುವಂತಿರಲಿಲ್ಲ. ಅಯ್ಯನವರು ಮುಂದಿನ ಪ್ರಾರ್ಥನೆಗೆ ಕೈಯೆತ್ತಿ, ಬಾಯಿ ಖಾಲಿಯಿಲ್ಲದ್ದರಿಂದ ಕೆಳಗಿಳಿಸಿದರು. ಜಗಲಿಯ ತುಂಬ ಯಾರೂ ಮಾತಾಡದೆ ಅಗಿಯುತ್ತಿದ್ದೆವು. ನಮಗಾಗಿ ಮುರಿಯಲ್ಪಟ್ಟ ದೇಹ ಎಂಬ ಮಾತನ್ನು ನಾನು ಎಷ್ಟೋ ಸಲ ಕೇಳಿದ್ದೆ. ಅದು ಇಷ್ಟು ಹೊತ್ತು ನನ್ನ ಬಾಯಲ್ಲಿ ಉಳಿದದ್ದು ಅದೇ ಮೊದಲು.

ಕೊನೆಗೆ ಎಲ್ಲರದೂ ಮುಗಿಯಿತು, ಮಾವನದೊಂದು ಬಿಟ್ಟು. ಅವನ ಹಲ್ಲು ಅಷ್ಟು ಗಟ್ಟಿಯಿರಲಿಲ್ಲ. ಕಣ್ಣಲ್ಲಿ ನೀರು ಬೇರೆ. ಅಯ್ಯನವರು ಕಾಯುತ್ತಿದ್ದರು. ದೊಡ್ಡಮ್ಮ ತನ್ನ ಜಾಗಕ್ಕೆ ಹಿಂತಿರುಗದೆ, ಖಾಲಿ ತಟ್ಟೆ ಹಿಡಿದುಕೊಂಡು, ಅವನು ನುಂಗುವವರೆಗೂ ಅಲ್ಲೇ ನಿಂತಿದ್ದಳು.